ಸ್ಪೇನಿಯಲ್‌ಗೆ ಕಲಿಸಬೇಕಾದ್ದು ಓಡೋದಲ್ಲ, ನಿಲ್ಲೋದು

ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸೋದು ಸ್ಪೇನಿಯಲ್ ಜಾತಿಯ ಬೇಟೆನಾಯಿಯ ಹುಟ್ಟುಗುಣ. ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮೂಡಿಗೆರೆ, ಸಕಲೇಶಪುರದ ತೋಟದಲ್ಲಿ ಕಾಡುಕೋಳಿ ಹಿಂದೆ ಬಿಡಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅಟ್ಟುವುದೂ ಬೇಟೆಯೇ. ಕಲಿಸೋಕೆ ಕೊಯ್ಲಾದ ಗದ್ದೆ, ಅರ್ಧ ಕಿಲೋದ ಬಟ್ಟೆ ಡಮ್ಮಿ (ಹಕ್ಕಿಯ ಬದಲು ಎಸೆದು ತರಿಸುವ ಗಂಟು) ಸಾಕು.

ಮೊದಲು ಸೀಟಿ. ಉದ್ದಕ್ಕೆ ಒಂದು ಊದಿದರೆ ಕೂರಬೇಕು, ಗಿಡ್ಡಕ್ಕೆ ಎರಡು ಊದಿದರೆ ತಿರುಗಬೇಕು. ಕೂರೋದನ್ನು ಅನ್ನದ ತಟ್ಟೆ ಮುಂದೆಯೇ ಶುರುಮಾಡಿ. ಆಮೇಲೆ ಗಾಳಿಗೆ ಎದುರಾಗಿ ಅಂಕುಡೊಂಕಾಗಿ ನಡೆಯಿರಿ; ನೀವು ತಿರುಗಿದ ಕಡೆ ನಾಯಿಯೂ ತಿರುಗುತ್ತೆ. ನಾಯಿ ನಿಮ್ಮಿಂದ 20 ಗಜ ದಾಟುವ ಮೊದಲೇ ಸೀಟಿ ಊದಿ, ದಾಟಿದ ಮೇಲಲ್ಲ. ಗಾಳಿ ಬೆನ್ನಿಗಿದ್ದರೆ ವಾಸನೆ ಮುಂದಕ್ಕೆ ಹೋಗುತ್ತೆ, ಹಾಗಾಗಿ ನಾಯಿ ನೇರ ದೂರ ಓಡಿ ಅಲ್ಲಿಂದ ಹಿಂದಕ್ಕೆ ಹುಡುಕುತ್ತಾ ಬರುತ್ತೆ. ಅದು ತಪ್ಪಲ್ಲ, ಬೈಯಬೇಡಿ.

ಹೆಚ್ಚಿನವರು ಕೆಡಿಸೋದು ಇಲ್ಲಿ: ಎಸೆದ ಡಮ್ಮಿಯನ್ನೆಲ್ಲ ನಾಯಿಯೇ ತರಲಿ ಅಂತ ಬಿಡ್ತಾರೆ. ಆಗ ಎಸೆಯಲು ಕೈ ಎತ್ತಿದರೆ ಸಾಕು, ನಾಯಿ ಓಡಿಬಿಡುತ್ತೆ. ಹತ್ತರಲ್ಲಿ ಏಳನ್ನು ನಾಯಿ ಕೂತಿರುವಾಗ ನೀವೇ ಹೆಕ್ಕಿ ತನ್ನಿ. ಒಂದು ಸಲದ ಪಾಠ ಹದಿನೈದು ನಿಮಿಷಕ್ಕೆ ನಿಲ್ಲಿಸಿ.

ಮಳೆಗಾಲದಲ್ಲಿ ಬೆರಳ ಸಂದಿನ ಇಂಬಳ (ಜಿಗಣೆ), ಕಿವಿಯೊಳಗಿನ ಉಣ್ಣೆಹುಳ ನೋಡಿ. ಒದ್ದೆಯಾದ ಜೋಲುಕಿವಿ ಒರೆಸದಿದ್ದರೆ ಸೋಂಕು ತಗಲಬಹುದು.