ಬಾಯಿಗಿಂತ ಮೊದಲು ಬ್ರಷ್ ನೋಡಬೇಕು

ಆ ರೈತರ ಎಡಗಡೆಯ ಕೋರೆಹಲ್ಲಿಗೆ ಒಂದೇ ವರ್ಷದಲ್ಲಿ ಎರಡು ಸಲ ಸಿಮೆಂಟ್ ತುಂಬಿದ್ದೆ. ಎರಡು ಸಲವೂ ಕಿತ್ತುಬಂತು. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ದಂತವೈದ್ಯೆಯಾಗಿದ್ದೇನೆ. ವಸಡಿನ ಅಂಚಿನಲ್ಲಿ ಕೊಡಲಿ ಕಚ್ಚು ಹಾಕಿದಂತೆ ಸವೆದ ಹಲ್ಲುಗಳನ್ನು ವಾರಕ್ಕೆ ಹತ್ತಾರು ನೋಡುತ್ತೇನೆ. ಸಿಮೆಂಟ್ ಬೀಳುವುದಕ್ಕೆ ಹಲ್ಲು ಕಡಿಯುವ ಅಭ್ಯಾಸ, ತುಂಬುವಾಗ ಉಳಿದ ತೇವ, ಹೀಗೆ ಬೇರೆ ಕಾರಣಗಳೂ ಇರುತ್ತವೆ. ಎಲ್ಲವನ್ನೂ ಯೋಚಿಸಿದ್ದೆ. ಕೇಳದೇ ಬಿಟ್ಟಿದ್ದು ಒಂದನ್ನೇ.

ಮೂರನೆಯ ಸಲ ಬಂದಾಗ, "ಯಜಮಾನ್ರೇ, ನಾಳೆ ಬರುವಾಗ ನಿಮ್ಮ ಬ್ರಷ್ ತಗೊಂಡು ಬನ್ನಿ" ಅಂದೆ.

ಪೇಪರಿನಲ್ಲಿ ಸುತ್ತಿ ತಂದರು. ಬಿಚ್ಚಿದರೆ, ಕೂದಲೆಲ್ಲ ಎರಡೂ ಕಡೆಗೆ ಚಪ್ಪಟೆಯಾಗಿ ಮಲಗಿತ್ತು. ಆರು ತಿಂಗಳಿಂದ ಬದಲಿಸಿಲ್ಲ ಅಂದುಕೊಂಡೆ.

"ಇಲ್ಲ ಮೇಡಂ, ಹೊಸ್ದೇ. ಹೋದ್ ತಿಂಗ್ಳು ಸಂತೇಲಿ ತಗಂಡಿದ್ದು."

ಆಗಲೇ ನನ್ನ ತಪ್ಪು ಕಂಡದ್ದು. ಮೂರು ನಾಲ್ಕು ತಿಂಗಳಿಗೊಮ್ಮೆ ಬ್ರಷ್ ಬದಲಿಸಿ ಎಂದು ಬಂದವರಿಗೆಲ್ಲ ಹೇಳಿ ಕಳಿಸುತ್ತಿದ್ದೆ. ಮಾತು ಸರಿಯಾದದ್ದೇ. ದಿನಕ್ಕೆ ಎರಡು ಸಲ, ಸಲಕ್ಕೆ ಎರಡು ನಿಮಿಷ ಅಂತ ಲೆಕ್ಕ ಹಾಕಿದರೆ ಮೂರು ತಿಂಗಳಿಗೆ 6 ಗಂಟೆ ಉಜ್ಜಿದ ಹಾಗಾಯಿತು. ಅಷ್ಟು ಹೊತ್ತು ಬಾಗಿ ಬಾಗಿ ನೈಲಾನ್ ಎಳೆ ಸೋಲುತ್ತದೆ. ಆದರೆ ಈ ಯಜಮಾನರು ನನಗಿಂತ ಬೇಗ ಬ್ರಷ್ ಬದಲಿಸುವವರು. ತಿಂಗಳಿಗೇ ಅದು ಮಲಗುತ್ತಿತ್ತು, ಬೇರೆ ದಾರಿಯಿರಲಿಲ್ಲ. ತೊಂದರೆ ಇದ್ದದ್ದು ಕೈಯಲ್ಲಿ.

ಒಂದು ಸಲ ಉಜ್ಜಿ ತೋರಿಸಿ ಅಂದೆ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು, ಪಾತ್ರೆಯ ಮಸಿ ತಿಕ್ಕುವ ಹಾಗೆ ಅಡ್ಡಡ್ಡ ತಿಕ್ಕಿದರು. ಬಲಗೈಯವರಿಗೆ ಸಾಮಾನ್ಯವಾಗಿ ಬ್ರಷ್ ಮೊದಲು ಇಳಿಯುವುದೂ ಜೋರಾಗಿ ಒತ್ತುವುದೂ ಎಡಗಡೆಗೇ. ಅವರ ಕೋರೆಹಲ್ಲು ಇದ್ದದ್ದೂ ಅಲ್ಲೇ. "ಗಟ್ಟಿಯಾಗಿ ತಿಕ್ಕದಿದ್ರೆ ಉಜ್ಜಿದಂಗೇ ಅನ್ಸಲ್ಲ ಮೇಡಂ" ಅಂದರು. ಬೇವಿನ ಕಡ್ಡಿ, ಇದ್ದಿಲಿನಲ್ಲಿ ಬೆಳೆದ ಕೈ ಅದು. ಅಂಗಡಿಯಲ್ಲಿ ಕೇಳಿ ತಂದಿದ್ದೂ ಗಟ್ಟಿ ಬ್ರಷ್ಷೇ.

ಪೆನ್ನು ಹಿಡಿದ ಹಾಗೆ ಬೆರಳ ತುದಿಯಲ್ಲಿ ಹಿಡಿಸಿದೆ. ಕೂದಲು ಅರ್ಧ ಹಲ್ಲಿಗೆ, ಅರ್ಧ ವಸಡಿಗೆ ಓರೆಯಾಗಿ ತಾಗಲಿ, ಅಲ್ಲೇ ಸಣ್ಣಗೆ ಅಲ್ಲಾಡಿಸಿ ಅಂತ ಹೇಳಿಕೊಟ್ಟೆ. ಪ್ಯಾಕೆಟ್ಟಿನ ಮೇಲೆ "ಸಾಫ್ಟ್" ಅಂತ ಇರುವುದು ಇಂಗ್ಲಿಷಿನಲ್ಲಿ, ಅವರಿಗೆ ಓದಲು ಬಾರದು. ಹಾಗಾಗಿ ಮೆದು ಬ್ರಷ್ಷಿನ ಖಾಲಿ ಪ್ಯಾಕೆಟ್ ಒಂದನ್ನು ಕೊಟ್ಟು, ಇದನ್ನೇ ತೋರಿಸಿ ಕೇಳಿ ಅಂದೆ. ಈಗ ಖಾಲಿ ಪ್ಯಾಕೆಟ್ಟುಗಳ ಒಂದು ಕಟ್ಟನ್ನೇ ಮೇಜಿನಲ್ಲಿ ಇಟ್ಟುಕೊಂಡಿದ್ದೇನೆ. ಬಾಯಿಮಾತಿಗಿಂತ ಅದರಿಂದ ಹೆಚ್ಚು ಕೆಲಸವಾಗಿದೆ.

ಅಂದಿನಿಂದ ಎಷ್ಟು ದಿನದ ಬ್ರಷ್ ಅಂತ ಕೇಳಿ, ಕೂದಲು ನೋಡುತ್ತೇನೆ. ತಿಂಗಳಿಗೇ ಮಲಗಿದ್ದರೆ ಕೈ ಒತ್ತುತ್ತಿದೆ. ವರ್ಷವಾದರೂ ಅಂಗಡಿಯಿಂದ ತಂದ ಹಾಗೇ ಇದ್ದರೆ ಅದು ಬಾಯಿಗೆ ಹೋಗುತ್ತಿಲ್ಲ, ಮಕ್ಕಳದ್ದಂತೂ ಎಷ್ಟೋ ಸಲ ಹೀಗೇ. ಪುಟ್ಟ ಮಕ್ಕಳು ಬ್ರಷ್ ಕಚ್ಚಿ ಹಾಳು ಮಾಡುವುದೂ ಉಂಟು. ಆಗ ಮೂರು ತಿಂಗಳು ಕಾಯಬಾರದು.

ಇಡುವ ಜಾಗದ ಪಾಠ ಕಲಿತದ್ದು ತಪಾಸಣೆಗೆ ಹೋಗಿದ್ದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ಕೆಲವರ ಬ್ರಷ್ ಒಂದೇ ಮಗ್ಗಿನಲ್ಲಿ ತಲೆಗೆ ತಲೆ ತಾಗಿಕೊಂಡಿದ್ದವು. ಉಳಿದವರು ಕಳೆದುಹೋಗುತ್ತದೆಂದು ಒದ್ದೆ ಬ್ರಷ್ಷಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಟ್ರಂಕಿನೊಳಗೆ ಇಟ್ಟಿದ್ದರು. ಮುಚ್ಚಿಟ್ಟ ಒದ್ದೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಮುಚ್ಚಳ ಪ್ರಯಾಣಕ್ಕೆ ಸರಿ, ದಿನನಿತ್ಯಕ್ಕಲ್ಲ. ಇಬ್ಬರು ಅಕ್ಕತಂಗಿಯರು ಒಂದೇ ಬ್ರಷ್ ಬಳಸುತ್ತಿದ್ದರು. ವಸಡಿನಲ್ಲಿ ರಕ್ತ ಬರುವವರ ಬ್ರಷ್ಷಿನಿಂದ ಹೆಪಟೈಟಿಸ್ ಬಿ ಕೂಡ ದಾಟಬಹುದು ಅಂತ ಅವರನ್ನು ಪಕ್ಕಕ್ಕೆ ಕರೆದು ಹೇಳಿದೆ, ಎಲ್ಲರ ಎದುರು ಹೇಳುವ ಮಾತಲ್ಲ. ವಾರ್ಡನ್ ಮೇಡಂ ಕಿಟಕಿಯ ಪಕ್ಕ ಸಾಲಾಗಿ ತೂತು ಕೊರೆದ ಹಲಗೆ ಹೊಡೆಸಿದರು. ಹುಡುಗಿಯರು ಹಿಡಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿಕೊಂಡರು. ನಲ್ಲಿ ನೀರಲ್ಲಿ ತೊಳೆದು, ಕೊಡವಿ, ನೆಟ್ಟಗೆ ನಿಲ್ಲಿಸಿ ಗಾಳಿಗೆ ಆರಲು ಬಿಟ್ಟರೆ ಸಾಕು. ಕುದಿಯುವ ನೀರಿಗೆ ಹಾಕಬೇಡಿ, ಕೂದಲು ಸೊಟ್ಟಗಾಗುತ್ತದೆ.

ಹಳೆಯದನ್ನು ಎಸೆಯಲು ಮನಸ್ಸು ಬಾರದ ಅಜ್ಜಿಯರಿಗೆ, ದೀಪದ ಕಂಬ ತಿಕ್ಕಲು ಇಟ್ಟುಕೊಳ್ಳಿ ಅನ್ನುತ್ತೇನೆ. ಆದರೆ ಹಿಡಿಗೊಂದು ಗುರುತು ಮಾಡಿ, ಬಚ್ಚಲಿನಿಂದ ದೂರ ಇಡಬೇಕು.

ಯಜಮಾನರು ಮೂರು ತಿಂಗಳಾದ ಮೇಲೆ ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ ಜೇಬಿನಿಂದ ಬ್ರಷ್ ತೆಗೆದು ಮೇಜಿನ ಮೇಲಿಟ್ಟರು. ಕೂದಲು ನೆಟ್ಟಗಿತ್ತು. ಸಿಮೆಂಟೂ ಇತ್ತು.