ಕಣದಲ್ಲೇ ಘಾಟಿ ಇಳಿದ ಅಪ್ಪ

ನಾಳೆ ಬೆಳಗಿನ ಜಾವ ನಾಲ್ಕೂವರೆಗೆ ನಾವು ಮೂವರು ಮನೆ ಬಿಡುತ್ತೇವೆ. ಅಪ್ಪ, ಅವ್ವ, ನಾನು. ಕೊಡಗಿನ ಮಾದಾಪುರದ ಹತ್ತಿರದ ನಮ್ಮ ಮನೆಯಿಂದ ಸೋಮವಾರಪೇಟೆ, ಶಾಂತಳ್ಳಿ, ವಣಗೂರು, ಬಿಸಿಲೆ, ಸುಬ್ರಹ್ಮಣ್ಯ, ಗುಂಡ್ಯ, ಕೊಕ್ಕಡ ದಾಟಿ ಧರ್ಮಸ್ಥಳಕ್ಕೆ. ಕಾಲ್ನಡಿಗೆಯಲ್ಲಿ. ಅಪ್ಪನಿಗೆ 70, ಅವ್ವನಿಗೆ 64. ನನಗೆ 39. ಮೂವರಲ್ಲಿ ದಿನವಿಡೀ ಕುರ್ಚಿಯಲ್ಲಿ ಕೂತಿರುವವಳು ನಾನೊಬ್ಬಳೇ ಅಂತ ಅಪ್ಪ ದಿನಕ್ಕೆರಡು ಸಲ ನೆನಪಿಸುತ್ತಾರೆ.

ಹರಕೆ 2018ರದ್ದು. ಆ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಹೇಗೆ ಜಾರಿದವು ಅಂತ ಗೊತ್ತಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ. ನಮ್ಮ ಮನೆ ಹಿಂದಿನ ಬರೆಯಲ್ಲೂ, ಆ ಕಡಿದಾದ ಮಣ್ಣಿನ ದಿಬ್ಬದಲ್ಲಿ, ಕೈ ತೂರುವಷ್ಟು ಬಿರುಕು ಬಿಟ್ಟಿತ್ತು. ಪರಿಹಾರ ಕೇಂದ್ರದಲ್ಲಿ ಹನ್ನೊಂದು ದಿನ ಇದ್ದೆವು. ಅಲ್ಲಿ ಒಂದು ರಾತ್ರಿ ಅಪ್ಪ ಗೋಡೆ ಕಡೆ ತಿರುಗಿ ಕೈಮುಗಿದು, "ಮನೆ ಉಳಿಸ್ಕೊಡು ಮಂಜುನಾಥ, ಮನೆ ಬಾಗ್ಲಿಂದ ನಿನ್ನ ಬಾಗ್ಲಿಗೆ ನಡ್ಕೊಂಡು ಬರ್ತೀನಿ" ಅಂದರು. ಅವ್ವ ಪಕ್ಕದಲ್ಲೇ ಎಚ್ಚರವಾಗಿದ್ದಳು. ಮನೆ ಉಳಿಯಿತು. ಅರ್ಧ ಎಕರೆ ಕಾಫಿ ಕೆಳಗೆ ಹೋಯಿತು. ಆಮೇಲೆ ಕೊರೋನಾ ಬಂತು, ತಮ್ಮನ ಮದುವೆ ಬಂತು, ಅಪ್ಪನ ಕಣ್ಣಿನ ಆಪರೇಷನ್ ಬಂತು. ಹರಕೆ ಮಾತ್ರ ಹಾಗೇ ಉಳಿಯಿತು.

ಶಿವರಾತ್ರಿಗೆ ಹೋಗಬಹುದಿತ್ತು. ಆಗ ದಾರಿಯುದ್ದಕ್ಕೂ ಸಾವಿರಾರು ಜನ ಪಾದಯಾತ್ರಿಗಳು ಇರುತ್ತಾರೆ, ಅಲ್ಲಲ್ಲಿ ಊಟ, ಮಜ್ಜಿಗೆ, ಕಾಲಿಗೆ ಎಣ್ಣೆ ಹಚ್ಚುವವರೂ ಸಿಗುತ್ತಾರೆ. ಆದರೆ ಆ ಹೊತ್ತಿಗೆ ನಮ್ಮ ರೋಬಸ್ಟಾ ಕಾಫಿಯ ಕೊಯ್ಲು ಮುಗಿದಿರಲಿಲ್ಲ. ಆ ಗುಂಪಿನ ವೇಗಕ್ಕೆ ಅಪ್ಪ ಹಟಕ್ಕೆ ಬಿದ್ದು ನಡೆದುಬಿಡುತ್ತಾರೆ ಅನ್ನೋ ಭಯ ಬೇರೆ. ಏಪ್ರಿಲ್ ಹೊತ್ತಿಗೆ ನಮ್ಮ ಕಡೆ ಸುಗ್ಗಿ ಹಬ್ಬ, ಆಗ ಊರು ಬಿಡುವ ಹಾಗಿಲ್ಲ. ಹಾಗಾಗಿ ಮಾರ್ಚ್. ಜನ ಕಡಿಮೆ, ಬಿಸಿಲು ಜಾಸ್ತಿ.

ಬಿಸಿಲಿನದ್ದೇ ನನಗೆ ದೊಡ್ಡ ಚಿಂತೆ. ಘಟ್ಟದ ಮೇಲಿನವರಿಗೆ ಬೆವರಿನ ಅಭ್ಯಾಸವಿಲ್ಲ. ಬಿಸಿಲೆವರೆಗೆ ಮರದ ನೆರಳು, ಗಾಳಿ ಎಲ್ಲ ಇರುತ್ತದೆ. ಸುಬ್ರಹ್ಮಣ್ಯದಲ್ಲಿ ಇಳಿದ ಕೂಡಲೇ ಒದ್ದೆ ಕಂಬಳಿ ಹೊದ್ದ ಹಾಗಿನ ಸೆಕೆ. ಬೆಳಿಗ್ಗೆ ಹತ್ತಕ್ಕೆ ನಡಿಗೆ ನಿಲ್ಲಿಸುವುದು, ಉಳಿದದ್ದು ಸಂಜೆ ನಾಲ್ಕೂವರೆ ಮೇಲೆ. ದಿನಕ್ಕೆ 14, 15 ಕಿ.ಮೀ. ಸಾಕು. ಅಪ್ಪನ ಬಿ.ಪಿ. ಮಾತ್ರೆಗಳಲ್ಲಿ ಒಂದು ಮೂತ್ರ ಜಾಸ್ತಿ ಮಾಡುವಂಥದ್ದು. ಬೆವರಿನ ಜೊತೆ ಅದೂ ಸೇರಿದರೆ ತಲೆ ಸುತ್ತಬಹುದು ಅಂತ ಡಾಕ್ಟರು ಆ ಮಾತ್ರೆಯನ್ನು ನಡಿಗೆಯ ದಿನಗಳಿಗೆ ಬದಲಿಸಿ ಬರೆದುಕೊಟ್ಟರು. ಅವ್ವನಿಗೆ ಸಕ್ಕರೆ ಕಾಯಿಲೆ. ಅವಳ ಸೆರಗಿನ ಗಂಟಿನಲ್ಲಿ ಈಗಲೇ ನಾಲ್ಕು ಬೆಲ್ಲದ ಚೂರು ಇವೆ.

ಅವ್ವನ ಕಾಲಿನ ಬಗ್ಗೆ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದು ಒಂದೇ. ದಿನಾ ರಾತ್ರಿ ಬೆರಳ ಸಂದಿ, ಅಂಗಾಲು ಎಲ್ಲ ಬೆಳಕಿನಲ್ಲಿ ನೋಡಬೇಕು. ಸಕ್ಕರೆ ಇರುವವರಿಗೆ ಎಷ್ಟೋ ಸಲ ಗಾಯ ಆದದ್ದೇ ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದರೆ ಸೂಜಿಗೆ ದಾರ ಪೋಣಿಸಿ ಅದರೊಳಗೆ ಎಳೆದುಬಿಡುವ ಪದ್ಧತಿ ಪಾದಯಾತ್ರಿಗಳಲ್ಲಿ ಇದೆಯಲ್ಲ, ಅದನ್ನು ಮಾತ್ರ ಮಾಡಬೇಡಿ ಅಂದರು. ಅವ್ವ ತಲೆಯಾಡಿಸಿದಳು. ಮನೆಗೆ ಬಂದು ನೋಡಿದರೆ ಅವಳ ಚೀಲದಲ್ಲಿ ಸೂಜಿ, ದಾರದ ಉಂಡೆ. "ಅಂಗಿ ಗುಂಡಿ ಹೊಲಿಯೋಕೆ" ಅಂದಳು. ನಂಬಿದೆ ಅಂತ ಇಟ್ಟುಕೊಳ್ಳಿ.

ಶೂ ತರಲು ಸೋಮವಾರಪೇಟೆಗೆ ಸಂಜೆ ಹೊತ್ತೇ ಹೋದೆವು. ಸಂಜೆಗೆ ಕಾಲು ಸ್ವಲ್ಪ ಊದಿರುತ್ತದೆ, ಆಗ ಹಿಡಿಸಿದ ಶೂ ನಡೆಯುವಾಗಲೂ ಹಿಡಿಸುತ್ತದೆ. ಬೆರಳ ಮುಂದೆ ಹೆಬ್ಬೆರಳಿನಷ್ಟು ಜಾಗ ಇರಬೇಕು. ಅಪ್ಪ ತೋಟಕ್ಕೆ ಗಂಬೂಟು, ಊರಿಗೆ ಹವಾಯಿ ಚಪ್ಪಲಿ, ಮದುವೆಗೆ ಒಂದು ಜೊತೆ ಕಪ್ಪು ಶೂ, ಇಷ್ಟೇ ಹಾಕಿದವರು. ಅಂಗಡಿ ಹುಡುಗ ತಂದ ಹಸಿರು ಪಟ್ಟಿಯ ಶೂ ನೋಡಿ, "ಇದನ್ನ ಹಾಕ್ಕೊಂಡು ದೇವ್ರ ಮುಂದೆ ಹೋಗ್ಲಾ?" ಅಂದರು. "ದೇವ್ರ ಮುಂದೆ ಶೂ ಬಿಚ್ಚೇ ಹೋಗೋದು, ರೀ" ಅಂದಳು ಅವ್ವ. ಅವಳು ತನಗೆ ನಿಮಿಷದಲ್ಲಿ ಒಂದು ಜೊತೆ ಆರಿಸಿ, ದಪ್ಪ ಕಾಲುಚೀಲ ಹಾಕಿ, ಅಂಗಡಿಯೊಳಗೇ ಮೂರು ಸಲ ಓಡಾಡಿ ನೋಡಿದ್ದಳು. ಸೀರೆ ಕೆಳಗೆ ಆ ಶೂ ಎಷ್ಟು ಚೆನ್ನಾಗಿ ಕಾಣುತ್ತದೆ ಅಂತ ನೀವು ನೋಡಬೇಕು.

ತಕರಾರು ಶುರುವಾದದ್ದು ಘಾಟಿಯ ವಿಷಯಕ್ಕೆ. ಬಿಸಿಲೆಯಿಂದ ಸುಬ್ರಹ್ಮಣ್ಯದ ಹತ್ತಿರದ ಕುಲ್ಕುಂದದವರೆಗೆ ಸುಮಾರು 25 ಕಿ.ಮೀ. ಕಾಡು. ಆನೆ ಇರುವ ಜಾಗ, ನಡುವೆ ತಂಗಲು ಮನೆಯಿಲ್ಲ. ಒಂದೇ ದಿನದಲ್ಲಿ ಇಳಿಯಬೇಕು. ಅದಷ್ಟನ್ನು ಚಿಕ್ಕಪ್ಪನ ಮಗನ ಜೀಪಿನಲ್ಲಿ ದಾಟೋಣ ಅಂದೆ. ಅಪ್ಪ ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲ. "ನಡ್ಕೊಂಡು ಬರ್ತೀನಿ ಅಂದೋನು ಜೀಪಲ್ಲಿ ಇಳಿದ್ರೆ ಅದು ಹರಕೆಯಾ?" ಆಮೇಲೆ ಕೊಡಗಿನದೇ ಕಕ್ಕಬೆ ಕಡೆಯವರ ಕತೆ ತೆಗೆದರು. ಹಿಂದೆ ಅವರು ಎತ್ತಿನ ಮೇಲೆ ಅಕ್ಕಿ ಹೇರಿಕೊಂಡು ಕಾಡುದಾರಿಯಲ್ಲಿ ಕೇರಳದ ಪಯ್ಯಾವೂರಿನ ಶಿವನ ಗುಡಿಗೆ ನಡೆಯುತ್ತಿದ್ದರಂತೆ, ಅವರಿಗೆ ಆನೆ ಇರಲಿಲ್ವಾ?

"ಇಳಿಜಾರು ತಾನೇ, ಕಾಲು ತಾನಾಗೇ ಹೋಗುತ್ತೆ" ಅನ್ನುವುದು ಅವರ ಇನ್ನೊಂದು ವಾದ. ಮಂಡಿಗೆ ಏರುವುದಕ್ಕಿಂತ ಇಳಿಯುವುದೇ ಕಷ್ಟ, ಪ್ರತಿ ಹೆಜ್ಜೆಗೂ ಮೈ ಭಾರ ಮಂಡಿ ಮೇಲೆ ಬೀಳುತ್ತದೆ. ಹೇಳಿದೆ. ಕೇಳಲಿಲ್ಲ. ಒಂದು ಭಾನುವಾರ ಮೇಲಿನ ರಸ್ತೆಯಿಂದ ತೋಟದೊಳಗೆ ಹೊಳೆಯವರೆಗೆ ಇಳಿದು ತೋರಿಸಿದರು, ಕೋಲೂ ಇಲ್ಲದೆ. ಮರುದಿನ ಬೆಳಿಗ್ಗೆ ಜಗಲಿಯಿಂದ ಅಂಗಳಕ್ಕೆ ಇಳಿಯುವ ಎರಡು ಮೆಟ್ಟಿಲನ್ನು ಹಿಮ್ಮುಖವಾಗಿ, ಕಂಬ ಹಿಡಿದುಕೊಂಡು ಇಳಿಯುತ್ತಿದ್ದರು. ನನ್ನನ್ನು ನೋಡಿ, "ಕಂಬದ ಗೆದ್ದಲು ನೋಡ್ತಿದ್ದೆ ಕಣವ್ವ" ಅಂದರು.

ಅವತ್ತು ರಾತ್ರಿ ಎಣ್ಣೆ ಬಿಸಿ ಮಾಡಿ ಮಂಡಿಗೆ ತಿಕ್ಕುತ್ತಾ ಅವ್ವ ತೀರ್ಪು ಕೊಟ್ಟಳು. "ಮನೆ ಬಾಗ್ಲಿಂದ ಅಂದ್ರಿ, ನಡ್ಕೊಂಡು ಅಂದ್ರಿ, ನಾನೇ ಕೇಳಿದ್ದೀನಿ. ಬಿಸಿಲೆ ಘಾಟಿ ಅಂತ ಹೆಸರು ಹಿಡಿದು ಹೇಳಲಿಲ್ಲ. ಆ 25 ಕಿ.ಮೀ. ಇಲ್ಲೇ ನಡೀರಿ. ಮುಂಚಿತವಾಗಿ ಕಟ್ಟಿದ ಹಾಗೆ."

ಅಪ್ಪ ಒಂದು ದಿನ ಯೋಚಿಸಿದರು. ಮರುದಿನ ಟೇಪು ಹಿಡಿದು ಕಾಫಿ ಒಣಗಿಸುವ ಕಣ ಅಳೆಯಲು ಕರೆದರು. ಅಂಚಿನ ಮೇಲೆ ಒಂದು ಸುತ್ತು 62 ಮೀಟರ್. 16 ಸುತ್ತಿಗೆ 992. ಎಂಟು ಮೀಟರ್ ಕಮ್ಮಿ. "ದೇವ್ರಿಗೆ ಎಂಟು ಮೀಟರ್ ಮೋಸ ಯಾಕೆ?" ಅಂತ ಕಿಲೋಮೀಟರಿಗೆ 17 ಸುತ್ತು ಅಂತ ಗೊತ್ತುಮಾಡಿದರು. ಲೆಕ್ಕ ಬರೆದದ್ದು ಚೆಕ್‌ರೋಲ್ ಪುಸ್ತಕದಲ್ಲಿ. ಕೆಲಸದವರ ಹಾಜರಿ, ಕೊಯ್ದ ಕಾಫಿಯ ಕೆ.ಜಿ. ಲೆಕ್ಕ ಮುಗಿದ ಪುಟದ ಕೆಳಗೆ, ನೀಲಿ ಪೆನ್ನಿನಲ್ಲಿ 'ಘಾಟಿ' ಅಂತ ತಲೆಬರಹ. ಕೆಳಗೆ ತಾರೀಖು, ಕಿ.ಮೀ., ಷರಾ. ಷರಾದಲ್ಲಿ ಒಂದು ಕಡೆ 'ಮಂಡಿ ಪರವಾಗಿಲ್ಲ' ಅಂತಿದೆ. ಇನ್ನೊಂದು ಕಡೆ 'ನಾಯಿ ಅಡ್ಡ ಬಂತು'.

ಕಣದ ಮಧ್ಯೆ ಈಗ ಟಾರ್ಪಾಲಿನ ಮೇಲೆ ಕರಿಮೆಣಸು ಒಣಗುತ್ತಿದೆ. ಅದರ ಸುತ್ತ ಅಪ್ಪ ಹಸಿರು ಪಟ್ಟಿಯ ಶೂ ಹಾಕಿಕೊಂಡು ಸುತ್ತುತ್ತಾರೆ. ಅವ್ವ ಜಗಲಿಯಲ್ಲಿ ಎರಡು ಬಟ್ಟಲು ಇಟ್ಟುಕೊಂಡು ಕೂರುತ್ತಾಳೆ. ಸುತ್ತಿಗೊಂದರಂತೆ ಒಣ ಚೆರ್ರಿ ಕಾಫಿ ಈ ಬಟ್ಟಲಿನಿಂದ ಆ ಬಟ್ಟಲಿಗೆ. ಅಪ್ಪ ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ, ಎಣಿಕೆ ತಪ್ಪುತ್ತದೆ ಅಂತ. ಎಷ್ಟೋ ವರ್ಷದಿಂದ ಅವರಿಬ್ಬರೂ ಒಂದೇ ಕಡೆ ಒಂದು ಗಂಟೆ ಸುಮ್ನೆ ಇದ್ದದ್ದು ನಾನು ನೋಡಿರಲಿಲ್ಲ.

ಉಳಿದ ತಯಾರಿ ಬೇಗ ಹೇಳಿಬಿಡುತ್ತೇನೆ. ಕತ್ತಲಲ್ಲಿ ಮಿಂಚುವ ಪಟ್ಟಿಯ ಮೇಲಂಗಿ ಮೂರು. ಗುಂಡ್ಯದಿಂದ ಪೆರಿಯಶಾಂತಿವರೆಗೆ ರಾಷ್ಟ್ರೀಯ ಹೆದ್ದಾರಿ 75ರ ಲಾರಿಗಳ ನಡುವೆ ನಡೆಯಬೇಕು, ರಸ್ತೆಯ ಬಲಕ್ಕೆ, ಎದುರಿನ ಗಾಡಿ ಕಾಣುವ ಹಾಗೆ. ಹುರಿದ ಅವಲಕ್ಕಿ, ಉಪ್ಪಿನಕಾಯಿ, ಓ.ಆರ್.ಎಸ್. ಪೊಟ್ಟಣ. ತಂಗಲು ಫೋನಿನಲ್ಲಿ ಗೊತ್ತುಮಾಡಿದ್ದ ಒಂದು ಸಭಾಂಗಣದವರು ಮೊನ್ನೆ, "ಶಿವರಾತ್ರಿ ಮುಗೀತಲ್ಲ, ಈಗ ಯಾಕೆ ಬರ್ತಿದ್ದೀರಿ?" ಅಂದುಬಿಟ್ಟರು. ಬೇರೆ ಕಡೆ ಹುಡುಕುವಷ್ಟರಲ್ಲಿ ಸಾಕುಸಾಕಾಯಿತು.

ಇವತ್ತು ಸಂಜೆಗೆ ಪುಸ್ತಕದಲ್ಲಿ 22 ಆಗಿತ್ತು. ಇನ್ನು ಮೂರು ಕಿ.ಮೀ., ಅಂದರೆ 51 ಸುತ್ತು. ಅಪ್ಪ ಶೂ ದಾರ ಕಟ್ಟುವ ಹೊತ್ತಿಗೆ ಗುಡುಗಿತು. ನಾವೆಲ್ಲ ಓಡಿ ಮೆಣಸು ಒಳಗೆ ಎಳೆದೆವು. ಆಮೇಲೆ ಬಂತು ನೋಡಿ ಹೂಮಳೆ, ಒಂದು ತಿಂಗಳಿಂದ ಕಾದದ್ದು. ಬಿಸಿ ಮಣ್ಣಿನ ವಾಸನೆ ಮನೆ ತುಂಬ. ಅಪ್ಪನ ಮುಖದಲ್ಲಿ ಒಟ್ಟಿಗೇ ಸಂತೋಷ ಮತ್ತು ಬೇಜಾರು. ಇನ್ನು ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂ ಬಿಡುತ್ತದೆ. "ಹೂ ಬಿಡೋವಾಗ ನಾವು ಕೆಳಗೆ ಬೆವರ್ತಾ ಇರ್ತೀವಿ" ಅಂದರು.

ಮಳೆ ಸಣ್ಣಗಾದ ಮೇಲೆ ಕೊಡೆ ಹಿಡಿದು ಕಣಕ್ಕೆ ಇಳಿದರು. ಮೆಟ್ಟಿಲನ್ನು ಮುಮ್ಮುಖವಾಗಿಯೇ ಇಳಿದರು, ಅದನ್ನು ನಾನು ಗಮನಿಸಿದೆ. ನಾನು ಟಾರ್ಚು ಹಿಡಿದು ನಿಂತೆ. ಅವ್ವ ಬಟ್ಟಲು ಹಿಡಿದು ಕೂತಳು. ಮಧ್ಯಾಹ್ನ ಅಡುಗೆಮನೆಯಲ್ಲಿ ಅವಳು ಒಂದು ಮಾತು ಹೇಳಿದ್ದಳು, "ಹದಿನಾರು ಸಾಕಿದ್ದ ಕಡೆ ಹದಿನೇಳು ಅಂತ ನಿಮ್ಮಪ್ಪ ಆಗಲೇ 22 ಸುತ್ತು ಜಾಸ್ತಿ ನಡೆದಾಗಿದೆ" ಅಂತ. ಟಾರ್ಚಿನ ಬೆಳಕಲ್ಲಿ ನೋಡುತ್ತೇನೆ, ಅಪ್ಪ ಆ ತುದಿಗೆ ತಿರುಗಿದಾಗಲೆಲ್ಲ ಅವ್ವನ ಬೆರಳು ಎರಡೆರಡು ಕಾಳು ಎತ್ತುತ್ತಿತ್ತು. ನಾನು ಟಾರ್ಚನ್ನು ಸ್ವಲ್ಪ ಅತ್ತ ತಿರುಗಿಸಿದೆ.

"ಎಷ್ಟಾಯ್ತೇ?" ಅಂತ ಕಣದ ಮೂಲೆಯಿಂದ ಅಪ್ಪ ಕೂಗಿದರು.

"ಬನ್ನಿ, ಘಾಟಿ ಇಳಿದಾಯ್ತು" ಅಂದಳು ಅವ್ವ. ಬಟ್ಟಲು ಒಳಗೆ ತೆಗೆದುಕೊಂಡು ಹೋದಳು.