ಅಮ್ಮನ ಲ್ಯಾಂಡ್‌ಲೈನು, ಆರು ತಿಂಗಳ ಅಡ್ವಾನ್ಸು

ಕಳೆದ ತಿಂಗಳು ಅಮ್ಮ ಫೋನ್ ಮಾಡಿದವಳೇ, "ಮೂರು ಸಾವಿರದ ನೂರಾ ಎಪ್ಪತ್ತೆಂಟು ರೂಪಾಯಿ ತೊಂಬತ್ತೆರಡು ಪೈಸೆ, ಇದು ಯಾವ ಲೆಕ್ಕ ಕಣೇ?" ಅಂತ ಕೇಳಿದಳು. ಪೈಸೆ ಸಮೇತ ಹೇಳಿದಳು ಅಂದ್ರೆ ಕೋಪ ನೆತ್ತಿಗೇರಿದೆ ಅಂತ ಅರ್ಥ. ತರಕಾರಿಯವನ ಹತ್ತಿರ ಎರಡು ರೂಪಾಯಿಗೆ ಹತ್ತು ನಿಮಿಷ ನಿಲ್ಲುವ ಹೆಂಗಸು ಅವಳು, ಆದರೆ ಫೋನ್ ಬಿಲ್ಲನ್ನು ಮಾತ್ರ ಇಪ್ಪತ್ತು ವರ್ಷದಿಂದ ಒಂದು ಮಾತೂ ಆಡದೆ ಕಟ್ಟಿಕೊಂಡು ಬಂದಿದ್ದಳು.

ಲೆಕ್ಕ ಹೀಗಿದೆ. ತಿಂಗಳಿಗೆ 449 ರೂಪಾಯಿ, ಆರು ತಿಂಗಳದ್ದು ಒಟ್ಟಿಗೇ ಅಡ್ವಾನ್ಸ್, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಅದಕ್ಕೆ ಮುಂಚೆ ಅಮ್ಮ ಕಟ್ಟುತ್ತಿದ್ದದ್ದು ತಿಂಗಳಿಗೆ 249, ತೆರಿಗೆ ಸೇರಿ 293 ರೂಪಾಯಿ 82 ಪೈಸೆ. ಫೋನು ಅದೇ, ನಂಬರ್ ಅದೇ, ಮಾತಾಡುವ ಜನರೂ ಅವರೇ. ಬರೀ ಗೋಡೆಯೊಳಗೆ ಬರುವ ತಂತಿ ಬದಲಾಯಿತು.

ನಮ್ಮ ಅಪ್ಪ ಅಮ್ಮ ಇರುವುದು ರಾಮಮೂರ್ತಿನಗರದಲ್ಲಿ. ಅಪ್ಪ ಪಕ್ಕದ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ರಿಟೈರ್ ಆದವರು. 1948ರಲ್ಲಿ ಶುರುವಾದ ಆ ಕಾರ್ಖಾನೆಯಿಂದಲೇ ಒಂದು ಕಾಲದಲ್ಲಿ ದೇಶದ ಎಷ್ಟೋ ಮನೆಗಳಿಗೆ ಬೆರಳು ಹಾಕಿ ತಿರುಗಿಸುವ ಆ ಕಪ್ಪು ಫೋನುಗಳು ಹೋಗುತ್ತಿದ್ದವು. ಹಾಗಾಗಿ ನಮ್ಮ ಮನೆಯಲ್ಲಿ ಫೋನ್ ಬಗ್ಗೆ ಮಾತು ಬಂದರೆ ಬೇಗ ಮುಗಿಯುವುದಿಲ್ಲ. ಸಿ-ಡಾಟ್ ಅನ್ನೋ ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆಯವರು ಹಳ್ಳಿಗಳಿಗೆ ಅಂತ ತಯಾರಿಸಿದ 128 ಲೈನಿನ ಸಣ್ಣ ಎಕ್ಸ್‌ಚೇಂಜ್ 1986ರಲ್ಲಿ ಮೊಟ್ಟಮೊದಲು ಬಂದದ್ದು ನಮ್ಮ ಕಿತ್ತೂರಿಗೆ ಅನ್ನೋದನ್ನ ಅಪ್ಪ ಮನೆಗೆ ಬಂದ ಪ್ರತಿಯೊಬ್ಬರಿಗೂ ಹೇಳಿರಬೇಕು, ಗ್ಯಾಸ್ ಸಿಲಿಂಡರ್ ತರುವ ಹುಡುಗನನ್ನೂ ಸೇರಿಸಿ.

ಇಷ್ಟಾದರೂ 2005ರಲ್ಲಿ ಈ ಮನೆಗೆ ಬಂದಾಗ ನಾವು ತಗೊಂಡದ್ದು ಒಂದು ಖಾಸಗಿ ಕಂಪನಿಯ ಲೈನ್. ಯಾವುದು ಅಂತ ಹೇಳಲ್ಲ, ಹೇಳಿ ಉಪಯೋಗವೂ ಇಲ್ಲ. ಆಗ ಅವರೇ ಮನೆ ಬಾಗಿಲಿಗೆ ಬಂದು, ಟೈ ಕಟ್ಟಿಕೊಂಡ ಹುಡುಗ ಸೋಫಾ ಮೇಲೆ ಕೂತು, ಕಾಫಿ ಕುಡಿದು, ಒಂದು ಸಾವಿರ ಡಿಪಾಸಿಟ್ ಇಸ್ಕೊಂಡು ಹೋಗಿದ್ದ. ಅದಕ್ಕೂ ಹಿಂದಿನ ಕಾಲ ನೋಡಿದವರಿಗೆ ಅದೇ ದೊಡ್ಡ ಆಶ್ಚರ್ಯ. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಕಾಯಲಾಗದವರು 'ಓವೈಟಿ' ಅನ್ನುವ ಸ್ಕೀಮಿನಲ್ಲಿ ಮುಂಗಡವಾಗಿ ಜಾಸ್ತಿ ದುಡ್ಡು ಕಟ್ಟಿ ಕ್ಯೂನಲ್ಲಿ ಮುಂದೆ ಹೋಗುತ್ತಿದ್ದರು. ಈಗ ನೋಡಿದರೆ ಸುತ್ತಿ ಬಳಸಿ ಮತ್ತೆ ಅಡ್ವಾನ್ಸ್ ಕಟ್ಟೋ ಕಾಲಕ್ಕೇ ಬಂದಿದ್ದೀವಿ ಅಲ್ವಾ?

ಕಥೆ ಶುರುವಾದದ್ದು 2022ರ ಮಳೆಗಾಲದಲ್ಲಿ. ಲೈನ್ ಹನ್ನೊಂದು ದಿನ ಸತ್ತು ಮಲಗಿತ್ತು. ದಿನಾ ಕಂಪ್ಲೇಂಟ್, ದಿನಾ ಹೊಸ ನಂಬರ್, ದಿನಾ "ನಾಳೆ ಬರ್ತಾರೆ ಮೇಡಂ". ಕೊನೆಗೆ ಬಂದ ಲೈನ್‌ಮನ್ ಒಳ್ಳೆಯವನು, ಕಂಬ ತೋರಿಸಿ ನಿಜ ಹೇಳಿದ. "ಸಾರ್, ಈ ಬೀದೀಲಿ ಮೊದಲು ನಲವತ್ತು ಮನೆ ಇತ್ತು, ಈಗ ಮೂರು. ಮೂರು ಮನೆಗೋಸ್ಕರ ಕೇಬಲ್ ಯಾರು ಅಗೀತಾರೆ ಹೇಳಿ?" ಅವನ ಮಾತಿನಲ್ಲಿ ನ್ಯಾಯ ಇದೆ, ಇಲ್ಲ ಅನ್ನಲ್ಲ. 2020ರ ಹೊತ್ತಿಗೆ ಇಡೀ ದೇಶದಲ್ಲಿ ಉಳಿದಿದ್ದ ಲ್ಯಾಂಡ್‌ಲೈನ್ ಸುಮಾರು 2 ಕೋಟಿ ಅಷ್ಟೆ. ಮನೆ ಕಡಿಮೆ ಆದರೂ ಕಂಬ, ಕೇಬಲ್, ಜನ ಎಲ್ಲಾ ಬೇಕು. ಆದರೆ ಆಗ ನಮಗೆ ಗೊತ್ತಿಲ್ಲದ ಇನ್ನೊಂದು ವಿಷಯ ಇತ್ತು. ಫೋನ್ ಕಂಪನಿಗಳ ಮೇಲಿನ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2009ರ ನಿಯಮದಲ್ಲಿ ಬರೆದಿದ್ದೇ ಹೀಗೆ: ಲೈನ್ ಕೆಟ್ಟು ಮೂರು ದಿನ ದಾಟಿ ಏಳು ದಿನದೊಳಗೆ ಸರಿಯಾದರೆ ಏಳು ದಿನದ ಬಾಡಿಗೆ ವಾಪಸ್, ಏಳು ದಾಟಿದರೆ ಹದಿನೈದು ದಿನದ್ದು, ಹದಿನೈದೂ ದಾಟಿದರೆ ಇಡೀ ತಿಂಗಳದ್ದು. ಅಂದ್ರೆ ನಮ್ಮ ಹನ್ನೊಂದು ದಿನಕ್ಕೆ ನೂರಿಪ್ಪತ್ತೈದು ರೂಪಾಯಿ ಹತ್ತಿರ ಬರಬೇಕಿತ್ತು. ಬರಲಿಲ್ಲ. ನಾವೂ ಕೇಳಲಿಲ್ಲ, ಕೇಳಬಹುದು ಅಂತಲೇ ಗೊತ್ತಿರಲಿಲ್ಲ. ಬಿಲ್ಲಿನ ಹಿಂದೆ ಇರುವೆ ಅಕ್ಷರದಲ್ಲಿ ಏನೇನೋ ಅಚ್ಚು ಹಾಕುವವರು ಇದೊಂದನ್ನು ದಪ್ಪ ಅಕ್ಷರದಲ್ಲಿ ಹಾಕಬಹುದಿತ್ತು.

ಆಮೇಲೆ ಒಂದು ದಿನ ಫೋನ್ ಬಂತು. ನಿಮ್ಮ ಏರಿಯಾದಲ್ಲಿ ತಾಮ್ರದ ತಂತಿ ನಿಲ್ಲಿಸುತ್ತಿದ್ದೇವೆ, ಫೈಬರ್‌ಗೆ ಬನ್ನಿ, ಇನ್‌ಸ್ಟಾಲೇಶನ್ ಫ್ರೀ. ಅಮ್ಮ ಹೇಳಿದಳು, "ನನಗೆ ಇಂಟರ್‌ನೆಟ್ ಬೇಡಪ್ಪ, ಫೋನ್ ಒಂದಿದ್ರೆ ಸಾಕು." ಬರೀ ಮಾತಾಡೋ ಪ್ಲಾನ್ ಇಲ್ಲವಂತೆ. ತಮಾಷೆ ನೋಡಿ, ಮೊಬೈಲ್‌ಗಾದರೆ 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ಮಾಡಿತು, ಡೇಟಾ ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ರೀಚಾರ್ಜ್ ಕೊಡಲೇಬೇಕು ಅಂತ. ಅದು ಪ್ರೀಪೇಯ್ಡ್ ಮೊಬೈಲಿನ ಮಾತು. ಮೊಬೈಲ್ ಕಂಡರೆ ಆಗದೆ ಲ್ಯಾಂಡ್‌ಲೈನೇ ಹಿಡಿದುಕೊಂಡು ಕೂತ ನಮ್ಮಮ್ಮನಂಥವರು ಮಾತ್ರ ಇಂಟರ್‌ನೆಟ್‌ಗೂ ದುಡ್ಡು ಕೊಡಬೇಕು.

ನಾನು ಷರತ್ತುಗಳ ಪಿಡಿಎಫ್ ತೆಗೆದು ಓದಿದೆ. ಹದಿನಾಲ್ಕು ಪುಟ, ಒಂದು ಸಾಲೂ ಕನ್ನಡದಲ್ಲಿಲ್ಲ. ಬೆಲೆಗಿಂತ ಇದನ್ನು ಓದಿದಾಗಲೇ ನನಗೆ ಜಾಸ್ತಿ ಸಿಟ್ಟು ಬಂದದ್ದು. ಆರು ತಿಂಗಳ ದುಡ್ಡು ಕಟ್ಟಿ ಎರಡನೇ ತಿಂಗಳಿಗೇ ಬೇಡ ಅಂದರೆ ಉಳಿದದ್ದು ವಾಪಸ್ ಇಲ್ಲ. ಒಂದು ವರ್ಷದೊಳಗೆ ಬಿಟ್ಟರೆ ಆ 'ಫ್ರೀ' ಇನ್‌ಸ್ಟಾಲೇಶನ್‌ಗೆ 1,500 ರೂಪಾಯಿ ಕೊಡಬೇಕು. ಮೋಡೆಮ್ ವಾಪಸ್ ಮಾಡುವಾಗ ಅಡಾಪ್ಟರ್ ಕಾಣೆಯಾಗಿದ್ದರೆ ಅದಕ್ಕೆ ಬೇರೆ ದುಡ್ಡು. ಕರೆಗಳು ಅನ್‌ಲಿಮಿಟೆಡ್, ಆದರೆ ಬಳಕೆ 'ಸಮಂಜಸ'ವಾಗಿರಬೇಕಂತೆ. ಸಮಂಜಸ ಅಂದ್ರೆ ಎಷ್ಟು? ಅದನ್ನು ಕಂಪನಿ ತೀರ್ಮಾನ ಮಾಡುತ್ತದೆ. ಹಳೇ ಪ್ಲಾನ್‌ನಲ್ಲಿ ಸೇಫ್ ಕಸ್ಟಡಿ ಅಂತ ಇತ್ತು, ಮೂರು ತಿಂಗಳು ಊರಲ್ಲಿಲ್ಲ ಅಂದ್ರೆ ಸಣ್ಣ ಮೊತ್ತ ಕಟ್ಟಿ ನಂಬರ್ ಹಾಗೇ ಇಟ್ಟುಕೊಳ್ಳಬಹುದಿತ್ತು. ಅಪ್ಪ ಅಮ್ಮ ಇಂಗ್ಲೆಂಡಿನಲ್ಲಿರುವ ಅಕ್ಕನ ಮನೆಗೆ ಹೋಗುವಾಗೆಲ್ಲ ಹಾಗೇ ಮಾಡುತ್ತಿದ್ದರು. ಹೊಸದರಲ್ಲಿ ಅದು ಇಲ್ಲ. ಮನೆಗೆ ಬೀಗ ಹಾಕಿದ್ದರೂ ಮೀಟರ್ ಓಡುತ್ತಿರುತ್ತದೆ.

ಇನ್ನೊಂದು ಸಾಲು ಓದಿ ನಾನು ಜೋರಾಗಿ ನಕ್ಕೆ. ಈ ಸಂಪರ್ಕ ಸ್ವಂತ ಬಳಕೆಗೆ ಮಾತ್ರ, ಯಾವುದೇ ವ್ಯಾಪಾರಕ್ಕೆ ಬಳಸಿದರೆ ಸೂಚನೆ ಇಲ್ಲದೆ ಕಡಿತ ಮಾಡಲಾಗುವುದು. ಅಮ್ಮ ಹದಿನೈದು ವರ್ಷದಿಂದ ಅದೇ ಫೋನಿನಲ್ಲಿ ಹಪ್ಪಳ ಸಂಡಿಗೆ ಆರ್ಡರ್ ತಗೊಳ್ಳುತ್ತಿದ್ದಾಳೆ. ಬೇಸಿಗೆ ಬಂತು ಅಂದ್ರೆ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಬೇರೆ ಯಾರಿಗೂ ಆ ಲೈನ್ ಸಿಗುವುದಿಲ್ಲ.

ಸರಿ, ಬೇಡ ಅಂದ್ರೆ ಬೇರೆ ಕಂಪನಿಗೆ ಹೋಗಬಹುದಲ್ಲ ಅಂತ ನೀವು ಕೇಳಬಹುದು. ನಮ್ಮ ಬೀದಿಯಲ್ಲೇ ಇನ್ನೂ ಎರಡು ಕಂಪನಿಯ ಫೈಬರ್ ಇದೆ, ಒಬ್ಬರದ್ದು ಇದಕ್ಕಿಂತ ಕಡಿಮೆ. ಸಿಕ್ಕಿಹಾಕಿಕೊಂಡಿರುವುದು ನಂಬರಿನಲ್ಲಿ. ಮೊಬೈಲ್ ನಂಬರ್ ಇಟ್ಟುಕೊಂಡೇ ಕಂಪನಿ ಬದಲಾಯಿಸುವ ಸೌಲಭ್ಯ 2011ರ ಜನವರಿಯಿಂದ ಇಡೀ ದೇಶದಲ್ಲಿದೆ. ಲ್ಯಾಂಡ್‌ಲೈನ್‌ಗೆ ಇಲ್ಲ. ಕಂಪನಿ ಬಿಟ್ಟರೆ ನಂಬರೂ ಬಿಡಬೇಕು. ಆ ನಂಬರ್ ಅಮ್ಮನ ಬ್ಯಾಂಕಿನಲ್ಲಿದೆ, ಎಲ್ಐಸಿಯಲ್ಲಿದೆ, ಗ್ಯಾಸ್ ಏಜೆನ್ಸಿಯಲ್ಲಿದೆ, ತುಮಕೂರಿನ ದೊಡ್ಡಮ್ಮನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದೆ, ಹಪ್ಪಳದ ಡಬ್ಬಿಗೆ ಅಂಟಿಸುವ ಚೀಟಿಯ ಮೇಲಿದೆ. ಕಂಪನಿಗೆ ಇದು ಚೆನ್ನಾಗಿ ಗೊತ್ತು. ನನ್ನ ಪ್ರಕಾರ ಅವರು ಬೆಲೆ ಏರಿಸುವ ಧೈರ್ಯ ಮಾಡುವುದು ಇದೊಂದೇ ಕಾರಣಕ್ಕೆ. ಫೈಬರ್ರು, ಸ್ಪೀಡು ಎಲ್ಲಾ ಆಮೇಲೆ. ನಂಬರ್ ಒತ್ತೆ ಇಟ್ಟುಕೊಂಡಿದ್ದಾರೆ, ನಾವು ಬಡ್ಡಿ ಕಟ್ಟುತ್ತಿದ್ದೇವೆ.

ಬೆಲೆಗಾದರೂ ಲಗಾಮು ಇದೆಯಾ ಅಂದ್ರೆ ಅದೂ ಅಷ್ಟಕ್ಕಷ್ಟೆ. ನಗರದಲ್ಲಿ ದರ ಎಷ್ಟಿರಬೇಕು ಅನ್ನುವುದನ್ನು ಟ್ರಾಯ್ ಕಂಪನಿಗಳಿಗೇ ಬಿಟ್ಟಿದೆ. ಒಂದು ಪ್ಲಾನ್‌ಗೆ ಸೇರಿದ ಮೇಲೆ ಆರು ತಿಂಗಳು ಅದರ ದರ ಏರಿಸುವ ಹಾಗಿಲ್ಲ ಅನ್ನೋ ರಕ್ಷಣೆ ಇದೆ. ಆದರೆ ನಮ್ಮಿಂದ ತಗೊಂಡದ್ದೂ ಆರು ತಿಂಗಳ ಅಡ್ವಾನ್ಸೇ ಅನ್ನೋದನ್ನ ಗಮನಿಸಿ. ಏಳನೇ ತಿಂಗಳು ಏನು ಬೇಕಾದರೂ ಆಗಬಹುದು. ತೆರಿಗೆ ಕಥೆ ಇನ್ನೊಂದು. 1994ರಲ್ಲಿ ದೇಶದಲ್ಲಿ ಸರ್ವಿಸ್ ಟ್ಯಾಕ್ಸ್ ಶುರು ಮಾಡಿದಾಗ ಮೊದಲು ಸಿಕ್ಕಿಬಿದ್ದ ಮೂರೇ ಮೂರು ಸೇವೆಗಳಲ್ಲಿ ಟೆಲಿಫೋನ್ ಒಂದು, ಆಗ 5 ಪರ್ಸೆಂಟ್. 2017ರಲ್ಲಿ ಜಿಎಸ್‌ಟಿ ಬಂದಾಗ 18 ಆಯಿತು. ಅಮ್ಮನ 3,178ರಲ್ಲಿ 485 ರೂಪಾಯಿ ಇದರದ್ದೇ.

ಅಕ್ಕನಿಗೆ ಇದನ್ನೆಲ್ಲ ಹೇಳಿದಾಗ ಅವಳು ಅಲ್ಲಿನ ಕಥೆ ಬಿಚ್ಚಿದಳು. ಅಲ್ಲೂ ಲ್ಯಾಂಡ್‌ಲೈನ್ ಒಂದೇ ಇರುವವರು ಹೆಚ್ಚಾಗಿ ವಯಸ್ಸಾದವರು, ಅವರು ಕಂಪನಿ ಬದಲಾಯಿಸುವ ಗೋಜಿಗೆ ಹೋಗಲ್ಲ, ಹಾಗಾಗಿ ವರ್ಷ ವರ್ಷ ಬಾಡಿಗೆ ಏರುತ್ತಲೇ ಇತ್ತು. ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಇದನ್ನು ಪರಿಶೀಲಿಸಿ ಹಿಂದೆ ಬಿದ್ದ ಮೇಲೆ, 2018ರ ಏಪ್ರಿಲ್‌ನಿಂದ ಬಿಟಿ ಕಂಪನಿ ಫೋನ್ ಮಾತ್ರ ಇಟ್ಟುಕೊಂಡ ಗ್ರಾಹಕರಿಗೆ ತಿಂಗಳ ಬಾಡಿಗೆಯನ್ನು 18.99 ಪೌಂಡ್‌ನಿಂದ 11.99ಕ್ಕೆ ಇಳಿಸಿತು. ಏಳು ಪೌಂಡ್! ನಂಬರ್ ಜೊತೆಗೇ ಕಂಪನಿ ಬದಲಾಯಿಸೋದೂ ಅಲ್ಲಿ ಮೊದಲಿಂದ ಇದೆ. ತಾಮ್ರದ ತಂತಿಯ ಹಳೇ ಫೋನ್ ಜಾಲವನ್ನು ಅವರೂ 2027ರ ಜನವರಿಗೆ ಮುಚ್ಚುತ್ತಿದ್ದಾರೆ. ಮುಚ್ಚಲಿ, ತಾಮ್ರ ಎಂದೆಂದೂ ಇರಬೇಕು ಅಂತ ನಾನೇನೂ ಹಟ ಹಿಡಿದಿಲ್ಲ.

ಆದರೆ ತಾಮ್ರ ಹೋದಾಗ ಏನು ಹೋಯಿತು ಅಂತ ಗೊತ್ತಾದದ್ದು ಮೇ ತಿಂಗಳ ಒಂದು ಸಂಜೆ. ಜೋರು ಗಾಳಿ ಮಳೆ, ಮರ ಬಿದ್ದು ನಾಲ್ಕು ಗಂಟೆ ಕರೆಂಟ್ ಇಲ್ಲ. ನಾನು ಈ ಕಡೆಯಿಂದ ಫೋನ್ ಮಾಡುತ್ತಲೇ ಇದ್ದೇನೆ, ಲ್ಯಾಂಡ್‌ಲೈನ್ ಸತ್ತಿದೆ, ಅಪ್ಪನ ಮೊಬೈಲ್ ಎಂದಿನಂತೆ ಚಾರ್ಜ್ ಇಲ್ಲದೆ ಸ್ವಿಚ್ ಆಫ್. ಮಳೆಯಲ್ಲೇ ಆಟೋ ಹಿಡಿದು ಹೋದರೆ ಇಬ್ಬರೂ ಮೇಣದಬತ್ತಿ ಹಚ್ಚಿಕೊಂಡು ಅವಲಕ್ಕಿ ತಿನ್ನುತ್ತಾ ಕೂತಿದ್ದರು! ಅಪ್ಪ ಆಗ ಪಾಠ ಶುರು ಮಾಡಿದರು. ಹಳೇ ಲೈನಿಗೆ ಕರೆಂಟ್ ಬರುತ್ತಿದ್ದದ್ದು ನಮ್ಮ ಮನೆಯಿಂದ ಅಲ್ಲ, ಎಕ್ಸ್‌ಚೇಂಜ್‌ನ ಬ್ಯಾಟರಿಯಿಂದ, 48 ವೋಲ್ಟ್, ಅದೇ ತಂತಿಯಲ್ಲಿ. ಊರೆಲ್ಲ ಕತ್ತಲಾದರೂ ಫೋನ್ ಬದುಕಿರುತ್ತಿತ್ತು. (ರಿಂಗ್ ಆಗುವಾಗ ವೋಲ್ಟೇಜ್ ಇನ್ನೂ ಜಾಸ್ತಿ. ಚಿಕ್ಕವಳಿದ್ದಾಗ ಬಿಚ್ಚಿದ ತಂತಿ ಮುಟ್ಟಿ ನಾನು ಒಮ್ಮೆ ಚುರ್ ಅನ್ನಿಸಿಕೊಂಡಿದ್ದೇನೆ.) ಫೈಬರ್‌ನಲ್ಲಿ ಬರುವುದು ಬೆಳಕು ಮಾತ್ರ. ಮೋಡೆಮ್‌ಗೆ ಮನೆಯ ಕರೆಂಟೇ ಗತಿ. ಮಾರನೇ ದಿನ 1,400 ರೂಪಾಯಿ ಕೊಟ್ಟು ಒಂದು ಪುಟ್ಟ ಯುಪಿಎಸ್ ತಂದೆ. ಇದು ಯಾವ ಬಿಲ್ಲಿನಲ್ಲೂ ಇಲ್ಲದ ಬೆಲೆ, ಮಾರುವಾಗ ಯಾರೂ ಹೇಳದ ಬೆಲೆ.

ಕಂಪ್ಲೇಂಟ್ ಕೊಟ್ಟಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತು ಅಂತ ಹೇಳುತ್ತೇನೆ: ಟ್ರಾಯ್‌ಗೆ ಬರೆದು ಪ್ರಯೋಜನ ಇಲ್ಲ, ಒಬ್ಬೊಬ್ಬರ ದೂರನ್ನು ಅವರು ವಿಚಾರಿಸುವುದಿಲ್ಲ. ಮೊದಲು ಕಂಪನಿಯ ಕಸ್ಟಮರ್ ಕೇರ್‌ನಲ್ಲಿ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ನಂಬರ್) ಬರೆದಿಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಹೋಗಬೇಕು, ಅವರು 39 ದಿನದಲ್ಲಿ ಉತ್ತರ ಕೊಡಬೇಕು. ಕಳ್ಳನ ಬಗ್ಗೆ ಕಳ್ಳನ ಅಣ್ಣನಿಗೇ ಹೇಳಿದ ಹಾಗೆ ಅನ್ನಿಸುತ್ತೆ, ಆದರೂ ಹೋಗಿ, ಯಾಕಂದ್ರೆ ಕಾಗದ ಕೈಯಲ್ಲಿರುತ್ತೆ. ಅದೂ ಆಗದಿದ್ದರೆ ಗ್ರಾಹಕ ನ್ಯಾಯಾಲಯ. ಟೆಲಿಕಾಂ ಕೇಸು ಅಲ್ಲಿ ನಡೆಯಲ್ಲ ಅಂತ ತುಂಬಾ ದಿನ ಹೇಳುತ್ತಿದ್ದರು, 2022ರಲ್ಲಿ ಸುಪ್ರೀಂ ಕೋರ್ಟ್ ನಡೆಯುತ್ತೆ ಅಂತ ಸ್ಪಷ್ಟವಾಗಿ ಹೇಳಿದೆ.

ಇಲ್ಲಿಯವರೆಗೆ ನಮಗೆ ಸಿಕ್ಕಿದ್ದು 2005ರ ಆ ಸಾವಿರ ರೂಪಾಯಿ ಡಿಪಾಸಿಟ್ ಮಾತ್ರ. ಅದನ್ನೂ ನಾಲ್ಕು ಸಲ ಕೇಳಿದ ಮೇಲೆ ಮುಂದಿನ ಬಿಲ್ಲಿನಲ್ಲಿ ಕಳೆದಿದ್ದಾರೆ. ಅಡ್ವಾನ್ಸ್ ವಿಷಯ ಅಪೀಲಿನಲ್ಲಿದೆ. ಅಪ್ಪ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಪುಟ ಅರ್ಜಿ ಬರೆದಿದ್ದಾರೆ, ಅದರಲ್ಲಿ ಮುಕ್ಕಾಲು ಪುಟ ಕಿತ್ತೂರಿನ ಎಕ್ಸ್‌ಚೇಂಜ್ ಬಗ್ಗೆಯೇ ಇದೆ. ಅದನ್ನು ತೆಗೆಯಿರಿ ಅಂದರೆ ಒಪ್ಪುತ್ತಿಲ್ಲ.

ಅಮ್ಮನಿಗೆ ಆ ವ್ಯಾಪಾರದ ಷರತ್ತಿನ ಬಗ್ಗೆ ನಾನು ಹೇಳಬಾರದಿತ್ತು. ಮೊನ್ನೆ ಹೋದಾಗ ಯಾರದೋ ಫೋನ್ ಬಂತು. ಅಮ್ಮ ರಿಸೀವರಿಗೆ ಕೈ ಅಡ್ಡ ಇಟ್ಟುಕೊಂಡು, ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವ ಹಾಗೆ ಮೆಲ್ಲಗೆ ಹೇಳುತ್ತಿದ್ದಳು: "ಆ ಎರಡು ಕೆಜಿ ಇದೆಯಲ್ರೀ, ಅದು ಶುಕ್ರವಾರ ರೆಡಿ ಇರತ್ತೆ. ಯಾವುದು ಅಂತ ಫೋನಲ್ಲಿ ಕೇಳ್ಬೇಡಿ, ಮನೆಗೆ ಬನ್ನಿ, ಹೇಳ್ತೀನಿ."